ಬೆರಳಿನ ಬಾಗು, ಚಿತ್ರದ ಅಳತೆ

ಹೊರನಾಡಿಗೆ ಹೊರಟ ಕನ್ನಡ ಸಂಸಾರದ ಗಂಟುಮೂಟೆಯಲ್ಲಿ ಒಂದು ಈಳಿಗೆಮಣೆ ಇದ್ದೇ ಇರುತ್ತದೆ. ನಮ್ಮದು ಸಾಗರದಿಂದ ಹೌರಾ ನಿಲ್ದಾಣದವರೆಗೆ ಗೋಣಿತಾಟಿನಲ್ಲಿ ಸುತ್ತಿಕೊಂಡು ಬಂದದ್ದು. ಇಪ್ಪತ್ತು ವರುಷಗಳಿಂದ ಕಸ್ಬಾದ ನಮ್ಮ ಬಾಡಿಗೆ ಮನೆಯ ಅಡಿಗೆಕೋಣೆಯಲ್ಲಿ ಗೋಡೆಗೊರಗಿ ನಿಂತಿದೆ. ಬಂಗಾಳಿಗಳ ಮನೆಗಳಲ್ಲಿ ಇದಕ್ಕೆ ಅಣ್ಣನಂತಿರುವ ‘ಬೋಟಿ’ ಉಂಟಾದುದರಿಂದ ನೆರೆಯವರಿಗೆ ಅದು ಹೊಸ ವಸ್ತುವಾಗಿ ಕಾಣಲಿಲ್ಲ. ಇಷ್ಟು ಸಣ್ಣದರಲ್ಲಿ ಮೀನು ಹೇಗೆ ಹೆಚ್ಚುತ್ತೀರಿ ಎಂದು ಪಕ್ಕದ ಮನೆಯ ಮಾಶಿಮಾ ಒಮ್ಮೆ ಕೇಳಿದ್ದರು, ಅಷ್ಟೆ.

2023ರ ಮಾರ್ಚಿ 21, ಯುಗಾದಿಯ ಹಿಂದಿನ ದಿನ. ಪೇಟೆಯಲ್ಲಿ ಎಳೆಯ ಹಲಸಿನಕಾಯಿ ಬಂದಿತ್ತು. ನಮ್ಮ ಮನೆಯಾಕೆ ಅಂಟು ಹಿಡಿಯದಿರಲೆಂದು ಕೈಗೆ ಎಣ್ಣೆ ಸವರಿಕೊಂಡು ಈಳಿಗೆಯ ಮುಂದೆ ಕುಳಿತರು. ಎಣ್ಣೆ ಕೈ, ಗುಂಡು ಕಾಯಿ, ಜಾರಿತು. ಬಲಗೈಯ ಉಂಗುರಬೆರಳಿನ ಬುಡದಲ್ಲಿ, ಅಂಗೈಯ ಕಡೆಗೆ, ಒಂದು ಅಂಗುಲದಷ್ಟೂ ಇಲ್ಲದ ಗಾಯ. ಅರಿಸಿನ ಒತ್ತಿ ಬಟ್ಟೆ ಕಟ್ಟಿದೆವು. ರಕ್ತ ನಿಂತಿತು. ಇನ್ನೇನು, ನಾಲ್ಕು ದಿನದಲ್ಲಿ ಮಾಯುತ್ತದೆ ಎಂದುಕೊಂಡೆವು. ರಾತ್ರಿ ಊಟಕ್ಕೆ ಕುಳಿತಾಗ ಆಕೆ ಎಡಗೈಯಲ್ಲಿ ಚಮಚ ಹಿಡಿದದ್ದನ್ನು ಕಂಡು, ಬಲಗೈ ಮುಷ್ಟಿ ಮಾಡಿ ನೋಡೋಣ ಎಂದೆವು. ನಾಲ್ಕು ಬೆರಳು ಮಡಚಿದವು. ಉಂಗುರಬೆರಳು ಮಾತ್ರ ಕೋಲಿನಂತೆ ನೆಟ್ಟಗೆ ನಿಂತಿತು.

ನಮ್ಮ ಕಡೆ ಇಂಥದ್ದಕ್ಕೆಲ್ಲ ‘ನರ ಕತ್ತರಿಸಿತು’ ಎನ್ನುವುದು ವಾಡಿಕೆ. ಮರುದಿನ ಬೇವುಬೆಲ್ಲದ ಹೊತ್ತಿಗೆ ನಾವು ಆಸ್ಪತ್ರೆಯಲ್ಲಿದ್ದೆವು. ಕೈಯ ಶಸ್ತ್ರವೈದ್ಯರು ಚೀಟಿಯ ಹಿಂದೆ ಬೆರಳೊಂದನ್ನು ಬರೆದು ವಿವರಿಸಿದರು. ಬೆರಳನ್ನು ಮಡಿಸುವುದು ನರವಲ್ಲ, ಹುರಿಯಂಥ ಸ್ನಾಯುರಜ್ಜು. ಹೆಬ್ಬೆರಳನ್ನು ಬಿಟ್ಟರೆ ಪ್ರತಿಯೊಂದು ಬೆರಳಿಗೂ ಅಂಗೈಯ ಕಡೆ ಇಂಥ ಎರಡು ಹುರಿಗಳಿವೆ. ಮೇಲಿನದು ನಡುವಿನ ಗೆಣ್ಣನ್ನು ಬಾಗಿಸುತ್ತದೆ. ಆಳದಲ್ಲಿರುವುದು ತುದಿಯವರೆಗೆ ಹೋಗಿ ತುದಿಗೆಣ್ಣನ್ನು ಬಾಗಿಸುತ್ತದೆ. ಸ್ನಾಯುಗಳು ಇರುವುದು ಮೊಣಕೈಯ ಕೆಳಗೆ. ಬೆರಳಿನಲ್ಲಿ ಇರುವುದು ಹಗ್ಗ ಮಾತ್ರ, ಬಾವಿಯ ರಾಟೆಯಂತೆ. ಎರಡು ಹಗ್ಗಗಳೂ ಒಂದು ಇಕ್ಕಟ್ಟಾದ ಸುರಂಗದೊಳಗೆ ಒಂದರ ಮೇಲೊಂದು ಜಾರುತ್ತ ಓಡಾಡಬೇಕು. ನಮ್ಮಾಕೆಯ ಬೆರಳಿನಲ್ಲಿ ಆ ಸುರಂಗದ ನಡುವೆಯೇ ಎರಡೂ ಕಡಿದಿದ್ದವು.

ಈ ಜಾಗಕ್ಕೆ ಅಮೆರಿಕದ ಪ್ರಸಿದ್ಧ ಕೈವೈದ್ಯ ಸ್ಟರ್ಲಿಂಗ್ ಬನೆಲ್ ಇಟ್ಟ ಹೆಸರು ‘ಯಾರಿಗೂ ಸೇರದ ನೆಲ’. ಎರಡು ಸೈನ್ಯಗಳ ನಡುವೆ ಯಾರೂ ಕಾಲಿಡದ ಬಯಲಿಗೆ ಹೇಳುವ ಮಾತು ಅದು. ಇಲ್ಲಿ ಹೊಲಿದ ಹುರಿ ಕೂಡಿಕೊಳ್ಳುವುದರ ಜೊತೆಗೆ ಸುರಂಗದ ಗೋಡೆಗೂ ಅಂಟಿಕೊಂಡುಬಿಡುತ್ತದೆ. ಆದ್ದರಿಂದ ಗಾಯವಾದೊಡನೆ ಅಲ್ಲಿ ಹೊಲಿಯಲೇಬಾರದು, ಚರ್ಮ ಮಾಯಲು ಬಿಟ್ಟು ಮುಂದೆಂದಾದರೂ ಬೇರೆಡೆಯ ಹುರಿಯನ್ನು ತಂದು ಕಸಿಮಾಡಬೇಕು ಎಂಬುದು ಬಹುಕಾಲದ ಕಟ್ಟಳೆಯಾಗಿತ್ತು. 1967ರಲ್ಲಿ ಲೂಯಿವಿಲ್ಲಿನ ಹೆರಾಲ್ಡ್ ಕ್ಲೈನರ್ಟ್ ಮತ್ತು ಅವರ ಸಂಗಡಿಗರು ಅಲ್ಲಿಯೂ ಒಡನೆಯೇ ಹೊಲಿದು, ರಬ್ಬರ್ ಪಟ್ಟಿ ಕಟ್ಟಿ ಬೆರಳನ್ನು ಬೇಗನೆ ಅಲುಗಾಡಿಸಿ ಒಳ್ಳೆಯ ಫಲ ಪಡೆದುದನ್ನು ಪ್ರಕಟಿಸಿದರು. ಅಂದಿನಿಂದ ದಾರಿ ಬದಲಾಯಿತು. ಈಗ ಹೊಲಿದ ಕೆಲವೇ ದಿನಗಳಲ್ಲಿ ಅಂಗಮರ್ದನವಲ್ಲದ, ಲೆಕ್ಕ ಹಾಕಿದ ಅಲುಗಾಟ ಪ್ರಾರಂಭವಾಗುತ್ತದೆ. ಹೆಚ್ಚು ಎಳೆದರೆ ಹೊಲಿಗೆ ಹರಿಯುತ್ತದೆ. ಎಳೆಯದೆ ಬಿಟ್ಟರೆ ಅಂಟುತ್ತದೆ. ಸುಮಾರು ಆರು ವಾರ ಮಣಿಕಟ್ಟಿನವರೆಗೆ ದಬ್ಬೆ, ಹನ್ನೆರಡು ವಾರ ಭಾರ ಎತ್ತುವಂತಿಲ್ಲ, ಬಟ್ಟೆ ಹಿಂಡುವಂತಿಲ್ಲ. ಕೊಡ ಹೊರುವ ಕೆಲಸ ನಮ್ಮ ಪಾಲಿಗೆ ಬಂದಿತು. ಅದರ ಬಗೆಗೆ ಹೆಚ್ಚು ಬರೆಯುವುದಿಲ್ಲ.

ಎಷ್ಟು ಎಳೆಯಬೇಕು ಎಂಬುದನ್ನು ವೈದ್ಯರು ತಿಳಿಯುವುದು ಹೇಗೆ? ಬೆರಳಿನೊಳಕ್ಕೆ ಇಣುಕಿ ನೋಡುವಂತಿಲ್ಲ. ಬೆರಳು ಎಷ್ಟು ಬಾಗುತ್ತದೆಂದು ಅಳೆಯುತ್ತಾರೆ. ಅದಕ್ಕೊಂದು ಸಾಧನ, ಗೋನಿಯೋಮೀಟರ್: ಶಾಲೆಯ ಕಂಪಾಸುಪೆಟ್ಟಿಗೆಯ ಕೋನಮಾಪಕಕ್ಕೆ ಎರಡು ತೋಳು ಹಚ್ಚಿದಂತಿರುತ್ತದೆ. ಅದನ್ನು ಬೆರಳಿನ ಬೆನ್ನಿನ ಮೇಲಿಟ್ಟು ಗೆಣ್ಣುಗೆಣ್ಣಿಗೆ ಡಿಗ್ರಿ ಓದುತ್ತಾರೆ. ನೆಟ್ಟಗಿದ್ದರೆ ಸೊನ್ನೆ. ಸಾಮಾನ್ಯವಾಗಿ ಬುಡದ ಗೆಣ್ಣು 90, ನಡುಗೆಣ್ಣು 100, ತುದಿಗೆಣ್ಣು 70 ಡಿಗ್ರಿಯವರೆಗೆ ಬಾಗಬೇಕು, ಒಟ್ಟು 260. ನುರಿತವರು ಅಳೆದರೂ ಐದು ಡಿಗ್ರಿ ಹೆಚ್ಚುಕಡಿಮೆ ಬರುತ್ತದೆಂದು ಅವರೇ ಒಪ್ಪುತ್ತಾರೆ.

ಅಳತೆ ಎರಡು ಬಗೆ. ರೋಗಿ ತಾನಾಗಿ ಮಡಿಸಿದ್ದು ಒಂದು. ಇನ್ನೊಂದು ಕೈಯಿಂದ ಒತ್ತಿ ಮಡಿಸಿದ್ದು ಮತ್ತೊಂದು. ಒತ್ತಿದರೂ ಬಾಗದಿದ್ದರೆ ಗೆಣ್ಣೇ ಬಿಗಿದಿದೆಯೆಂದು ಅರ್ಥ. ಒತ್ತಿದರೆ ಪೂರ್ತಿ ಬಾಗಿ, ತಾನಾಗಿ ಬಾಗದಿದ್ದರೆ ಹುರಿ ಅಂಟಿದೆ ಇಲ್ಲವೆ ಹರಿದಿದೆ. ಈ ಎರಡರ ನಡುವಣ ಅಂತರದಲ್ಲಿಯೇ ವೈದ್ಯರಿಗೆ ಬೇಕಾದ ಸಮಾಚಾರವೆಲ್ಲ ಅಡಗಿರುತ್ತದೆ. ಇಲ್ಲಿ ಇನ್ನೊಂದು ಸೋಜಿಗವುಂಟು. ಮೊದಲ ವಾರಗಳಲ್ಲಿ ಬೆರಳು ಬಹಳ ಚೆನ್ನಾಗಿ ಓಡಾಡಿದರೆ ವೈದ್ಯರು ಸಂತೋಷಪಡುವುದಕ್ಕಿಂತ ಎಚ್ಚರ ವಹಿಸುತ್ತಾರೆ. ಅಂಟು ಕಡಿಮೆಯಿದೆ, ಹೊಲಿಗೆಗೆ ಆಸರೆಯಿಲ್ಲ, ಆದ್ದರಿಂದ ನಿಧಾನ ಎನ್ನುತ್ತಾರೆ. ಬೆರಳು ಬಾಗದೆ ಹಟ ಹಿಡಿದರೆ ಅಂಟುತ್ತಿದೆ, ಇನ್ನಷ್ಟು ದುಡಿಸಿ ಎನ್ನುತ್ತಾರೆ. ಹೀಗಾಗಿ ಅಳತೆ ತಪ್ಪಾದರೆ ಸಲಹೆ ತಲೆಕೆಳಗಾಗುತ್ತದೆ. ಈ ಮಾತನ್ನು ವಾಚಕರು ನೆನಪಿಟ್ಟುಕೊಳ್ಳಬೇಕು. ಮುಂದೆ ನಮಗೆ ಆದದ್ದು ಇದೇ.

ಮನುಷ್ಯನ ಬೆರಳನ್ನು ಅಳೆಯುವುದು ಬಂಗಾಳಕ್ಕೆ ಹೊಸದಲ್ಲ. 1858ರ ಜುಲೈ 28ರಂದು ಮುರ್ಷಿದಾಬಾದಿನ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ ರಾಜ್ಯಧರ ಕೋನಾಯಿ ಎಂಬ ಗುತ್ತಿಗೆದಾರನ ಇಡೀ ಅಂಗೈಗೆ ಮಸಿ ಹಚ್ಚಿ ಕರಾರುಪತ್ರದ ಹಿಂದೆ ಒತ್ತಿಸಿಕೊಂಡ. ಆ ಶತಮಾನದ ಕೊನೆಯಲ್ಲಿ ಇಲ್ಲಿಯ ಪೊಲೀಸರು ಫ್ರಾನ್ಸಿನ ಬೆರ್ತಿಯೋ ಎಂಬವರ ಪದ್ಧತಿಯಂತೆ ಅಪರಾಧಿಗಳ ತಲೆ, ಪಾದ, ಎಡಗೈಯ ನಡುಬೆರಳುಗಳನ್ನೆಲ್ಲ ಉಪಕರಣವಿಟ್ಟು ಅಳೆದು ಬರೆದಿಡುತ್ತಿದ್ದರು. ಒಬ್ಬ ಪೇದೆ ಅಳೆದದ್ದು ಇನ್ನೊಬ್ಬ ಅಳೆದದ್ದಕ್ಕೆ ಕೂಡದೆ ತೊಡಕಾಗುತ್ತಿತ್ತು. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚಿನ ಕಚೇರಿ ಪ್ರಾರಂಭವಾಯಿತು; ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬಿಬ್ಬರು ಅಚ್ಚುಗಳನ್ನು ವಿಂಗಡಿಸುವ ಕ್ರಮವನ್ನು ಸಿದ್ಧಪಡಿಸಿದರು. ಅಳೆಯುವವನ ಕೈಚಳಕವನ್ನು ನಂಬುವುದಕ್ಕಿಂತ ಬೆರಳೇ ಬಿಟ್ಟ ಗುರುತನ್ನು ನಂಬುವುದು ಮೇಲು ಎಂದು ಆಗ ತೀರ್ಮಾನವಾಯಿತು. ಅದಕ್ಕೆ ಎರಡು ವರುಷ ಮೊದಲು, 1895ರ ಡಿಸೆಂಬರಿನಲ್ಲಿ, ಜರ್ಮನಿಯ ರಾಂಟ್ಗನ್ ತನ್ನ ಹೆಂಡತಿಯ ಕೈಯನ್ನು ಕ್ಷಕಿರಣದಲ್ಲಿ ಹಿಡಿದಿದ್ದ. ಗೆಣ್ಣುಗಳೂ ಉಂಗುರವೂ ಕಾಣುವ ಆ ಚಿತ್ರ ಲೋಕಪ್ರಸಿದ್ಧ. ಹೆಂಡಿರ ಬೆರಳಿನ ಚಿತ್ರ ತೆಗೆದ ಗಂಡಂದಿರಲ್ಲಿ ನಾವು ಮೊದಲಿಗರಲ್ಲ ಎಂಬುದಷ್ಟೇ ಇದರ ತಾತ್ಪರ್ಯ.

ಚಿತ್ರದಿಂದ ಅಳೆಯುವ ವಿಚಾರಕ್ಕೆ ಬರೋಣ. ಕಸ್ಬಾದ ಪೂರ್ವಕ್ಕೆ ಬೈಪಾಸ್ ರಸ್ತೆಯ ಉದ್ದಕ್ಕೂ ಆಸ್ಪತ್ರೆಗಳ ಸಾಲು. ಅಲ್ಲಿಗೆ ಮುರ್ಷಿದಾಬಾದಿನಿಂದ, ತ್ರಿಪುರದಿಂದ, ಬಾಂಗ್ಲಾದೇಶದಿಂದ ಜನ ಬರುತ್ತಾರೆ. ಇಲ್ಲಿಯವರಾದರೋ ವೆಲ್ಲೂರಿಗೆ ಹೋಗುವ ರೈಲು ಹತ್ತುತ್ತಾರೆ. ಆ ವೆಲ್ಲೂರಿನ ಕ್ರಿಶ್ಚಿಯನ್ ಆಸ್ಪತ್ರೆಯಲ್ಲಿಯೇ ಡಾಕ್ಟರ್ ಪಾಲ್ ಬ್ರಾಂಡ್ 1940ರ ದಶಕದ ಕೊನೆಯಿಂದ ಕುಷ್ಠರೋಗದಿಂದ ಮಡಚಿಹೋದ ಬೆರಳುಗಳಿಗೆ ಬೇರೆಡೆಯ ಸ್ನಾಯುರಜ್ಜುಗಳನ್ನು ತಿರುಗಿಸಿ ಕಟ್ಟಿ, ಕೈಗಳನ್ನು ಮತ್ತೆ ಕೆಲಸಕ್ಕೆ ಹಚ್ಚಿದ್ದು. ಆ ವೈದ್ಯದಲ್ಲಿಯೂ ಚಿಕಿತ್ಸೆಗೆ ಮೊದಲು, ಅನಂತರ, ಮತ್ತೆ ಕೆಲವು ತಿಂಗಳ ಮೇಲೆ ಗೆಣ್ಣುಗಳ ಕೋನವನ್ನು ಅಳೆದು ಬರೆಯುವುದು ನಿತ್ಯದ ಕೆಲಸ. ಆದರೆ ದೂರದವರು ವಾರ ವಾರವೂ ಅಳತೆಗೆ ಬರುವುದು ಹೇಗೆ? ಹೋಗಿಬರುವ ಖರ್ಚು ಶಸ್ತ್ರಚಿಕಿತ್ಸೆಯ ಖರ್ಚನ್ನೇ ಮೀರಿದರೆ ಆಶ್ಚರ್ಯವಿಲ್ಲ.

ನಮ್ಮ ಕನ್ನಡನಾಡು ಈ ಪ್ರಶ್ನೆಯನ್ನು ಬಹು ಬೇಗನೆ ಕೈಗೆತ್ತಿಕೊಂಡಿತು. ಈ ಶತಮಾನದ ಮೊದಲ ವರುಷಗಳಲ್ಲಿಯೇ ಇಸ್ರೋದ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನೂ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿದರು. ಆಗ ಅದು ದೊಡ್ಡ ಯಂತ್ರಗಳ ವ್ಯವಹಾರ. ಈಗ ಎಲ್ಲರ ಜೇಬಿನಲ್ಲಿ ಕ್ಯಾಮೆರಾ ಇದೆ. 2020ರ ಮಾರ್ಚಿ 25ರಂದು, ಲಾಕ್‌ಡೌನ್ ಪ್ರಾರಂಭವಾದ ದಿನವೇ, ಕೇಂದ್ರ ಸರ್ಕಾರ ದೂರವೈದ್ಯದ ನಿಯಮಗಳನ್ನು ಪ್ರಕಟಿಸಿತು. ಫೋನಿನಲ್ಲಿಯೂ ಚಿತ್ರ, ಬರಹಗಳ ಮೂಲಕವೂ ವೈದ್ಯರು ಸಲಹೆ ಕೊಡಬಹುದೆಂದೂ, ರೋಗಿ ತಾನಾಗಿ ಕೇಳಿದರೆ ಅದೇ ಒಪ್ಪಿಗೆಯೆಂದೂ, ಬಂದ ಕಾಗದಪತ್ರಗಳನ್ನು ವೈದ್ಯರು ಕಾದಿಡಬೇಕೆಂದೂ ಅದರಲ್ಲಿದೆ. ಕೈಯ ಚಿತ್ರವನ್ನು ರೋಗಿಯೇ ತೆಗೆದು ಕಳಿಸುವುದು, ವೈದ್ಯರು ಅದರ ಮೇಲೆ ಗೆರೆ ಎಳೆದು ಕೋನ ಓದುವುದು ಈಗ ಹಲವು ದೇಶಗಳಲ್ಲಿ ರೂಢಿಗೆ ಬಂದಿದೆ.

ನಮ್ಮ ವೈದ್ಯರೂ ಅದನ್ನೇ ಹೇಳಿದರು. ವೈಶಾಖದಲ್ಲಿ ಸಾಗರದಲ್ಲಿ ನಮ್ಮಾಕೆಯ ಅಣ್ಣನ ಮಗಳ ಮದುವೆ. ಶಸ್ತ್ರಚಿಕಿತ್ಸೆಯಾಗಿ ನಾಲ್ಕು ವಾರ ಕಳೆದಿತ್ತು. ಹೋಗಬೇಡಿ ಎಂದು ಅವರು ಹೇಳಲಿಲ್ಲ. ದಬ್ಬೆ ಬಿಚ್ಚಬೇಡಿ, ವ್ಯಾಯಾಮ ಬಿಡಬೇಡಿ, ವಾರಕ್ಕೆರಡು ಸಲ ಚಿತ್ರ ಕಳಿಸಿ ಎಂದರು. ವ್ಯಾಯಾಮ ಕಲಿಸುತ್ತಿದ್ದ ದಿದಿ, “ಬೌದಿ, ಮುಷ್ಟಿ ಮಾಡಿದ್ದೊಂದು, ನೀಡಿದ್ದೊಂದು, ಪಕ್ಕದಿಂದ,” ಎಂದು ಎರಡು ಬೆರಳು ಎತ್ತಿ ತೋರಿಸಿದಳು. ಮನೆಯಾಕೆ ಹೊರಟರು. ಕೆಲಸದ ನಿಮಿತ್ತ ನಾವು ಕಸ್ಬಾದಲ್ಲಿಯೇ ಉಳಿದೆವು. ಚಿತ್ರಗಳು ಸಾಗರದಿಂದ ನಮಗೆ ಬರುವುದು, ನಾವು ವೈದ್ಯರಿಗೆ ದಾಟಿಸುವುದು ಎಂದು ಗೊತ್ತಾಯಿತು. ವೈದ್ಯರ ನಂಬರು ನಮ್ಮ ಫೋನಿನಲ್ಲಿತ್ತು.

ಅಣ್ಣನ ಮಗ ಮದುವೆಮನೆಯ ಫೋಟೋಗ್ರಾಫರು. ಕಿಟಕಿಯ ಬೆಳಕು, ಹಿಂದೆ ಕಪ್ಪು ಸೀರೆಯ ಪರದೆ, ಕೈಗೆ ಮೆಹಂದಿ. ಎಂಥ ಚಿತ್ರಗಳೆನ್ನುತ್ತೀರಿ! ಒಂದೊಂದು ಸಲಕ್ಕೆ ಐದು ಬರುತ್ತಿದ್ದವು. ಐದನ್ನೂ ಕಳಿಸಿ ವೈದ್ಯರ ತಲೆ ತಿನ್ನುವುದೇಕೆಂದು ನಾವು ಚೆನ್ನಾಗಿರುವುದೊಂದನ್ನು ಆರಿಸಿ ಕಳಿಸುತ್ತಿದ್ದೆವು. ಚೆನ್ನಾಗಿರುವುದೆಂದರೆ ಯಾವುದು? ಬೆರಳು ಹೆಚ್ಚು ಮಡಚಿದಂತೆ ಕಾಣುವುದು. ವೈದ್ಯರು ಗೆರೆ ಎಳೆದು ಓದಿದರು: ನಡುಗೆಣ್ಣು 80, ತುದಿಗೆಣ್ಣು 45, ನೀಡಿದಾಗ ಉಳಿಯುವ ಬಾಗು 10. “ಚೆನ್ನಾಗಿ ಬರುತ್ತಿದೆ, ಅವಸರ ಬೇಡ, ಈಗ ಮಾಡುತ್ತಿರುವಷ್ಟೇ ಸಾಕು,” ಎಂದು ಉತ್ತರ ಬಂದಿತು. ನಾವು ಅದನ್ನು ಸಾಗರಕ್ಕೆ ಓದಿ ಹೇಳಿದೆವು. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. “ಡಾಕ್ಟರು ಹಾಗಂದರೆ ಸರಿ,” ಎಂದರು.

ಮೇ ತಿಂಗಳ ನಡುವೆ, ಎಂಟನೆಯ ವಾರದಲ್ಲಿ, ಹಿಂದಿರುಗಿ ಬಂದಾಗ ವೈದ್ಯರು ಗೋನಿಯೋಮೀಟರ್ ಇಟ್ಟರು. ನಡುಗೆಣ್ಣು 70. ತುದಿಗೆಣ್ಣು 15. ನೀಡಿದರೆ ಇನ್ನೂ 20 ಡಿಗ್ರಿ ಬಾಗೇ ಉಳಿಯುತ್ತದೆ. ಒತ್ತಿ ಮಡಿಸಿದರೆ ತುದಿಗೆಣ್ಣು 60ರವರೆಗೆ ಹೋಗುತ್ತದೆ. ಎಂದರೆ ಗೆಣ್ಣು ಸರಿಯಾಗಿದೆ, ಹುರಿ ಅಂಟಿದೆ. ವೈದ್ಯರು ಮತ್ತೊಮ್ಮೆ ಅಳೆದರು. ಆಮೇಲೆ ನಮ್ಮ ಫೋನನ್ನು ಕೇಳಿ ತೆಗೆದುಕೊಂಡು, ನಾವು ಕಳಿಸದೆ ಬಿಟ್ಟ ಚಿತ್ರಗಳನ್ನು ಒಂದೊಂದಾಗಿ ನೋಡಿದರು. ಅವರು ಏನೂ ಅನ್ನಲಿಲ್ಲ. ಮೆಟ್ಟಿಲಿಳಿಯುವಾಗ ಮನೆಯಾಕೆ ಎಂದರು: “ಏನ್ರೀ, ನಾನು ಐದು ಕಳಿಸಿದ್ದೆನಲ್ಲ. ಬೆಳಗಿನದರಲ್ಲಿ ಬಾಗುತ್ತಲೇ ಇರಲಿಲ್ಲ. ನೀವು ಒಳ್ಳೆಯದನ್ನೇ ಆರಿಸಿದಿರಿ.”

ಆ ಚಿತ್ರದಲ್ಲಿ ಏನೇನು ತಪ್ಪಿತ್ತೆಂಬುದನ್ನು ದಿದಿ ಮುಂದಿನ ಬುಧವಾರ ನಮ್ಮನ್ನು ಕೂಡಿಸಿಕೊಂಡು ತೋರಿಸಿದಳು. ಮೊದಲನೆಯದು ಕ್ಯಾಮೆರಾ ನಿಂತ ಜಾಗ. ಬೆರಳು ಬಾಗುವ ಸಮತಲಕ್ಕೆ ಕ್ಯಾಮೆರಾ ನೇರ ಎದುರಾಗಿರಬೇಕು, ಬಾಗಿಲಿನ ಕೋನವನ್ನು ನೋಡಲು ಮೇಲಿನಿಂದ ಹೊಸ್ತಿಲನ್ನು ನೋಡಬೇಕಾದಂತೆ. ಓರೆಯಾದರೆ ಕೋನ ಬದಲಾಗುತ್ತದೆ. ಮನೆಗೆ ಬಂದು ನಾವು ಮಗನ ಲೆಕ್ಕದ ಪುಸ್ತಕ ತೆಗೆದು ಹಾಕಿ ನೋಡಿದೆವು. ನಿಜವಾಗಿ 45 ಡಿಗ್ರಿ ಬಾಗಿದ ಗೆಣ್ಣನ್ನು, ಕ್ಯಾಮೆರಾವನ್ನು ಬೆರಳಿನ ಬೆನ್ನಿನ ಕಡೆಗೆ 45 ಡಿಗ್ರಿ ಸರಿಸಿ ತೆಗೆದರೆ ಚಿತ್ರದಲ್ಲಿ ಅದು 35 ಆಗುತ್ತದೆ. ಅಷ್ಟೇ ದೂರ ಬೆರಳಿನ ತುದಿಯ ಕಡೆಗೆ ಸರಿಸಿ ತೆಗೆದರೆ 55 ಆಗುತ್ತದೆ. ಒಂದೇ ಬೆರಳು, ಒಂದೇ ಕ್ಷಣ, ಇಪ್ಪತ್ತು ಡಿಗ್ರಿ ವ್ಯತ್ಯಾಸ! ಬೆರಳನ್ನು ನೀಡಿದಾಗ ಉಳಿಯುವ ಬಾಗಂತೂ ನೇರ ಮೇಲಿನಿಂದ ತೆಗೆದರೆ ಮಾಯವೇ ಆಗಿಬಿಡುತ್ತದೆ. ನಮ್ಮ ಹುಡುಗ ಅಂದಕ್ಕಾಗಿ ಮುಂದಿನಿಂದ ಓರೆಯಾಗಿ ತೆಗೆದಿದ್ದ.

ಎರಡನೆಯದು, ಮರೆ. ತೋರುಬೆರಳನ್ನು ಹೆಬ್ಬೆರಳಿನ ಕಡೆಯಿಂದಲೂ ಕಿರುಬೆರಳನ್ನು ಹೊರಗಿನಿಂದಲೂ ತೆಗೆಯಬಹುದು. ನಡುವಿನ ಎರಡು ಬೆರಳುಗಳದ್ದೇ ಪಾಡು. ಮುಷ್ಟಿ ಮಾಡಿದರೆ ಅಕ್ಕಪಕ್ಕದವು ಅಡ್ಡ ಬರುತ್ತವೆ. ವೈದ್ಯರು ಗೆರೆ ಎಳೆದದ್ದು ಅರ್ಧ ನಡುಬೆರಳಿನ ಮೇಲಿತ್ತೆಂದು ಅವಳ ಅನುಮಾನ. ಅದೂ ಅಲ್ಲದೆ ಬಿಗಿ ಮುಷ್ಟಿಯಲ್ಲಿ ಅಕ್ಕಪಕ್ಕದ ಬೆರಳುಗಳು ಸೋತ ಬೆರಳನ್ನು ತಮ್ಮ ಜೊತೆ ಒತ್ತಿಕೊಂಡು ಹೋಗುತ್ತವೆ. ತಾನಾಗಿ ಬಾಗಿದ್ದೋ, ನೂಕಿದ್ದರಿಂದ ಬಾಗಿದ್ದೋ ಚಿತ್ರ ಹೇಳುವುದಿಲ್ಲ. ಮೂರನೆಯ ಸಂಗತಿ ಮನೆಯಾಕೆಯೇ ಹೇಳಿದ್ದು: ಚಿತ್ರ ತೆಗೆದದ್ದು ಸಂಜೆ, ಬಿಸಿನೀರಿನಲ್ಲಿ ಕೈ ಅದ್ದಿ ಮೆತ್ತಗಾದ ಮೇಲೆ.

ಈಗ ಅದೇ ಕೆಲಸವನ್ನು ನಾವು ಹೇಗೆ ಮಾಡಿದೆವೆಂದರೆ, ಊಟದ ಮೇಜಿನ ಅಂಚಿನಲ್ಲಿ ಮೊಣಕೈ ಊರಿ, ಕಿರುಬೆರಳಿನ ಕಡೆಯನ್ನು ಕ್ಯಾಮೆರಾಕ್ಕೆ ಕೊಟ್ಟು ಕೂರುವುದು. ಫೋನನ್ನು ಕೈಯಲ್ಲಿ ಹಿಡಿಯದೆ ಎದುರಿಗೆ ಎರಡು ನಿಘಂಟುಗಳ ಮೇಲೆ, ಬೆರಳಿನ ಎತ್ತರಕ್ಕೆ, ಒಂದೂವರೆ ಅಡಿ ದೂರದಲ್ಲಿ ಒರಗಿಸಿಡುವುದು. ತೀರ ಹತ್ತಿರವಾದರೆ ಚಿತ್ರ ಸೊಟ್ಟಗಾಗುತ್ತದೆ. ಜಾಗವನ್ನು ಮೇಜಿನ ಮೇಲೆ ಸೀಮೆಸುಣ್ಣದಿಂದ ಗುರುತು ಮಾಡಿದೆವು. ಅದು ಅಳಿಸಿಹೋಗಲು ಮನೆಗೆಲಸದ ಮಾಶಿಗೆ ಒಂದೇ ದಿನ ಸಾಕಾಯಿತು, ಆಮೇಲೆ ಅಂಟುಪಟ್ಟಿ ಹಚ್ಚಿದೆವು. ಬಳೆ ಮೇಲೇರಿಸಿ, ಉಗುರಿನ ಕಡೆಯ ಗೆರೆ ಪೂರ್ತಿ ಕಾಣುವಂತೆ. ಮೊದಲು ನೀಡಿದ್ದು; ಆಮೇಲೆ ಮುಷ್ಟಿಯನ್ನು ಬಿಗಿಯದೆ ತಾನಾಗಿ ಮಡಿಸಿದ್ದು; ಆಮೇಲೆ ಎಡಗೈಯಿಂದ ನಿಧಾನವಾಗಿ ಒತ್ತಿ ಮಡಿಸಿದ್ದು. ಒತ್ತುವುದನ್ನು ವೈದ್ಯರು ಒಪ್ಪಿದ ಮೇಲೆಯೇ ಮಾಡತಕ್ಕದ್ದು. ಮೊದಲ ವಾರಗಳಲ್ಲಿ ತಾನಾಗಿ ಎಷ್ಟು ಮಡಿಸಬೇಕೆಂಬುದಕ್ಕೂ ಮಿತಿಯಿರುತ್ತದೆ. ತುದಿಗೆಣ್ಣಿಗೆ ಬೇರೆಯೇ ಚಿತ್ರ: ಎಡಗೈಯ ಎರಡು ಬೆರಳಿನಿಂದ ನಡುಗೆಣ್ಣಿನ ಮೇಲ್ಭಾಗವನ್ನು ಅಲುಗದಂತೆ ಹಿಡಿದು, ತುದಿಯನ್ನು ಮಾತ್ರ ಬಾಗಿಸಿದ್ದು. ಇದಕ್ಕೆ ಎರಡು ಕೈಯೂ ಬೇಕಾದ್ದರಿಂದ ಗುಂಡಿ ಒತ್ತಲು ಮನೆಯಲ್ಲಿ ಇನ್ನೊಬ್ಬರು ಇರಲೇಬೇಕು.

ಕೋನ ಕಾಣದ ಮುಷ್ಟಿಗೆ ದಿದಿ ಒಂದು ಉಪಾಯ ಹೇಳಿಕೊಟ್ಟಳು. ಅಂಗೈಯ ಮೇಲ್ಗೆರೆಗೆ ಶಾಲೆಯ ಅಳತೆಪಟ್ಟಿಯನ್ನು ನಿಲ್ಲಿಸಿ, ಬೆರಳಿನ ತುದಿ ಆ ಗೆರೆಯಿಂದ ಎಷ್ಟು ದೂರದಲ್ಲಿ ನಿಂತಿದೆಯೆಂಬುದನ್ನು ಪಟ್ಟಿಯ ಅಂಕೆಗಳ ಸಮೇತ ಚಿತ್ರ ತೆಗೆಯುವುದು. ಮೇ ತಿಂಗಳಲ್ಲಿ ನಮ್ಮಾಕೆಯದು ಮೂರೂವರೆ ಸೆಂಟಿಮೀಟರು. ಹೆಬ್ಬೆರಳಿಗಾದರೆ ಪಟ್ಟಿಯೂ ಬೇಡ. ಫ್ರಾನ್ಸಿನ ಕಪಂಜಿ ಎಂಬ ವೈದ್ಯರು 1986ರಲ್ಲಿ ತಿಳಿಸಿದ ಕ್ರಮದಂತೆ, ಹೆಬ್ಬೆರಳಿನ ತುದಿ ತೋರುಬೆರಳಿನಿಂದ ಕಿರುಬೆರಳಿನ ಬುಡದಾಚೆಯವರೆಗೆ ಎಲ್ಲಿಗೆ ಮುಟ್ಟುತ್ತದೆಂದು ನೋಡಿ ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುತ್ತಾರೆ. ನಮ್ಮ ಹಿರಿಯರು ಜಪದ ಎಣಿಕೆಗೆ ಗೆಣ್ಣುಗೆರೆಗಳ ಮೇಲೆ ಹೆಬ್ಬೆರಳು ಓಡಿಸುತ್ತಿದ್ದುದು ಕಣ್ಣಿಗೆ ಕಟ್ಟಿತು.

ಚಿತ್ರವನ್ನು ಕೊಟ್ಟರೆ ತಾನೇ ಗೆಣ್ಣುಗಳನ್ನು ಗುರುತಿಸುವ ಗಣಕಯಂತ್ರದ ಕ್ರಮವಿಧಿಗಳೂ ಈಗ ಬಂದಿವೆ. ಗೂಗಲ್ ಸಂಸ್ಥೆ 2019ರಲ್ಲಿ ಬಿಡುಗಡೆ ಮಾಡಿದ್ದು ಒಂದು ಕೈಯಲ್ಲಿ 21 ಬಿಂದುಗಳನ್ನು ಗುರುತು ಮಾಡುತ್ತದೆ. ಮಗ ಅದನ್ನು ತನ್ನ ಲ್ಯಾಪ್‌ಟಾಪಿನಲ್ಲಿ ಹಾಕಿ ತೋರಿಸಿದ. ನೋಡಲು ಬಹಳ ಚೆಂದ. ಆದರೆ ಮರೆಯಲ್ಲಿರುವ ಗೆಣ್ಣಿಗೂ ಅದು ಎಲ್ಲೋ ಒಂದೆಡೆ ಚುಕ್ಕೆ ಇಟ್ಟೇ ಇಡುತ್ತದೆ. ನೋಡಿರದೆ ಊಹಿಸಿ ಇಟ್ಟದ್ದು. ಕಾಣದ್ದಕ್ಕೆ ಗೆರೆ ಎಳೆದು ನಾವು ಪಟ್ಟ ಪಾಡೇ ಸಾಕಾಗಿದ್ದುದರಿಂದ ಅದರ ಗೋಜಿಗೆ ಹೋಗಲಿಲ್ಲ.

ಮೇ ತಿಂಗಳಿಂದ ವ್ಯಾಯಾಮ ಮೂರುಪಟ್ಟಾಯಿತು. ಬಿಜನ್ ಸೇತುವೆಯ ಆಚೆ ಗರಿಯಾಹಾಟಿನಿಂದ ತಂದ ಸ್ಪಂಜಿನ ಚೆಂಡು, ಕಡಲೆಕಾಳಿನ ಡಬ್ಬಿಯೊಳಗೆ ಕೈ ಹಾಕಿ ಹಿಸುಕುವುದು, ಬಟ್ಟೆಯ ಕ್ಲಿಪ್ಪು. ಆರು ತಿಂಗಳು ಕಳೆದು, ಸೆಪ್ಟೆಂಬರಿನಲ್ಲಿ, ಅಳತೆ ಹೀಗಿತ್ತು: ನಡುಗೆಣ್ಣು 90, ತುದಿಗೆಣ್ಣು 35, ನೀಡಿದಾಗ ಉಳಿಯುವ ಬಾಗು 5. ಇದನ್ನು ತೂಗುವುದಕ್ಕೆ ಸ್ಟ್ರಿಕ್‌ಲಂಡ್ ಎಂಬ ಅಮೆರಿಕದ ವೈದ್ಯರು 1980ರಲ್ಲಿ ಕೊಟ್ಟ ಲೆಕ್ಕವುಂಟು. ಎರಡು ಗೆಣ್ಣುಗಳ ಬಾಗನ್ನು ಕೂಡಿಸಿ, ಉಳಿದ ಬಾಗನ್ನು ಕಳೆದು, 175ರಿಂದ ಭಾಗಿಸಿ ನೂರಕ್ಕೆ ತರುವುದು. 85ರ ಮೇಲೆ ಅತ್ಯುತ್ತಮ, 70ರಿಂದ ಉತ್ತಮ, 50ರಿಂದ ಸಾಧಾರಣ, ಅದಕ್ಕಿಂತ ಕೆಳಗೆ ಕಳಪೆ. ಮೇ ತಿಂಗಳಲ್ಲಿ ನಾವು 65 ಡಿಗ್ರಿ, ನೂರಕ್ಕೆ 37, ಕಳಪೆ. ಸೆಪ್ಟೆಂಬರಿನಲ್ಲಿ 120 ಡಿಗ್ರಿ, ನೂರಕ್ಕೆ 68 ಚಿಲ್ಲರೆ, ಸಾಧಾರಣ. ‘ಉತ್ತಮ’ಕ್ಕೆ ಇನ್ನು ಎರಡೂವರೆ ಡಿಗ್ರಿ ಸಾಲದು. ಅಳೆಯುವ ಸಾಧನದ ತಪ್ಪೇ ಐದು ಡಿಗ್ರಿಯಾಗಿರುವಾಗ ಈ ಎರಡೂವರೆಗೆ ಏನು ಬೆಲೆ ಎಂದು ನಾವು ವಾದಿಸಿದೆವು. ವೈದ್ಯರು ನಕ್ಕು ‘ಸಾಧಾರಣ’ ಎಂದೇ ಬರೆದರು.

ಮೊದಲೇ ಸರಿಯಾದ ಚಿತ್ರ ಕಳಿಸಿದ್ದರೆ ಇನ್ನೆಷ್ಟು ಬಾಗುತ್ತಿತ್ತು ಎಂದು ಅವರನ್ನು ಕೇಳಿದೆವು. ಅಂಟು ಮೆತ್ತಗಿರುವ ವಾರಗಳು ಅವು; ಆಗ ದುಡಿಸಿದ್ದರೆ ಲಾಭವಾಗುತ್ತಿತ್ತೆಂಬುದು ನಿಜ, ಆದರೆ ಎಷ್ಟು ಡಿಗ್ರಿಯೆಂದು ಯಾರೂ ಹೇಳಲಾರರು ಎಂದರು. ಅಂಟನ್ನು ಬಿಡಿಸುವ ಇನ್ನೊಂದು ಶಸ್ತ್ರಚಿಕಿತ್ಸೆಯುಂಟು. ನಮ್ಮಾಕೆ ಬೇಡವೆಂದರು. ಈಗ ಚಪಾತಿ ಲಟ್ಟಿಸುತ್ತಾರೆ, ರಂಗೋಲಿ ಎಳೆಯುತ್ತಾರೆ. ಸಾರನ್ನ ಕಲಸಿ ತುತ್ತು ಮಾಡುವಾಗ ಮಾತ್ರ ಉಂಗುರಬೆರಳಿನ ಸಂದಿಯಿಂದ ಸಾರು ಮಣಿಕಟ್ಟಿಗೆ ಇಳಿಯುತ್ತದೆ. ಉಂಗುರ ನಡುಬೆರಳಿಗೆ ಹೋಗಿದೆ. ಹಲಸಿನಕಾಯಿ ಹೆಚ್ಚುವುದು ನಮ್ಮ ಪಾಲಿಗೆ ಬಂದಿದೆ; ಈಳಿಗೆಯ ಮುಂದೆ ಕುಳಿತುಕೊಳ್ಳುವಾಗ ಕೈಗಲ್ಲ, ಅಲಗಿಗೆ ಎಣ್ಣೆ ಸವರುತ್ತೇವೆ.

ಮೊನ್ನೆ ವೈದ್ಯರಿಂದ ಒಂದು ಕೋರಿಕೆ ಬಂದಿತು. ವಿದ್ಯಾರ್ಥಿಗಳಿಗೆ ತೋರಿಸಲು ಸಾಗರದ ಆ ಚಿತ್ರ ಬೇಕಂತೆ, ನಾವು ಕಳಿಸದೆ ಬಿಟ್ಟ ನಾಲ್ಕರ ಸಮೇತ. ಹೆಸರು, ಮುಖ ಯಾವುದೂ ಇರುವುದಿಲ್ಲ, ಒಪ್ಪಿಗೆ ಬರೆದುಕೊಡಬೇಕು. ಮನೆಯಾಕೆ ಮೆಹಂದಿಯಲ್ಲಿ ಅಣ್ಣನ ಮಗಳ ಹೆಸರು ಕಾಣುತ್ತದೆಯೇ ಎಂದು ಕನ್ನಡಕ ಹಾಕಿಕೊಂಡು ಒಂದೊಂದನ್ನೂ ದೊಡ್ಡದು ಮಾಡಿ ನೋಡಿದರು. ಕಾಣಲಿಲ್ಲ. ಸಹಿ ಮಾಡಿದರು, ಬಲಗೈಯಿಂದಲೇ. ಐದನ್ನೂ ಅವರೇ ಕಳಿಸಿದರು.